ಮುಂಬಯಿಯ ಕುಂಡದಲ್ಲಿ ಊರಿನ ಕೇಪಳ

ರಜೆ ಮುಗಿಸಿ ಊರಿನಿಂದ ಮರಳುವ ನಮ್ಮವರ ಗಂಟುಮೂಟೆಗಳಲ್ಲಿ ಏನೇನಿರುತ್ತದೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿಯ ಭರಣಿ, ತೆಂಗಿನೆಣ್ಣೆಯ ಡಬ್ಬ. ಇವೆಲ್ಲದರ ಮೇಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಲೆಯಲ್ಲಿ ಕಟ್ಟಿದ ಒಂದು ಪುಟ್ಟ ಗಿಡ. ಅದು ತುಳಸಿಯಾಗಿರಬಹುದು, ಮಲ್ಲಿಗೆಯಾಗಿರಬಹುದು. ಕರಾವಳಿಯವರಾದರೆ ಎಷ್ಟೋ ಸಲ ಅದು ಕೇಪಳವೇ ಆಗಿರುತ್ತದೆ. ತುಳಸಿಯೂ ಮಲ್ಲಿಗೆಯೂ ಮುಂಬಯಿಯಲ್ಲಿ ಹೇಗೋ ಬದುಕಿಕೊಳ್ಳುತ್ತವೆ. ಕೇಪಳವಾದರೋ ಮೊದಲ ಮಳೆಗಾಲದಲ್ಲಿ ಚಿಗುರಿ ಆಸೆ ಹುಟ್ಟಿಸುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಅದರ ಎಳೆಯ ಎಲೆಗಳು ಹಳದಿಗೆ ತಿರುಗುತ್ತವೆ. ಎರಡನೆಯ ಬೇಸಗೆಗೆ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ‘ಊರಿನ ಗಿಡ, ಇಲ್ಲಿಯ ನೀರು ಹಿಡಿಯಲಿಲ್ಲ’ ಎಂದು ಮನೆಯವರು ನಿಟ್ಟುಸಿರುಬಿಟ್ಟು ಅದೇ ಕುಂಡದಲ್ಲಿ ಕೊತ್ತಂಬರಿ ಬಿತ್ತುತ್ತಾರೆ.

ನೀರು ಹಿಡಿಯಲಿಲ್ಲವೆಂಬ ಈ ತೀರ್ಪು ಅನ್ಯಾಯದ್ದೆಂಬುದು ನಮ್ಮ ಅಭಿಪ್ರಾಯ. ಮುಂಬಯಿಯ ನಲ್ಲಿಯಲ್ಲಿ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಲ್ಲಿ ನಿಂತ ಮಳೆಯ ನೀರು. ಅದು ಸಾಕಷ್ಟು ಮೆದುವಾದ ನೀರೇ. ಈ ಅಪಮೃತ್ಯುಗಳಲ್ಲಿ ಬಹುಪಾಲಿನ ಅಪರಾಧಿ ಬೇರೊಬ್ಬನಿದ್ದಾನೆ. ಅವನ ಹೆಸರು ಸುಣ್ಣ. ಅವನನ್ನು ಕುಂಡದಿಂದ ದೂರವಿಟ್ಟರೆ ಚಾಳಿನ ಗ್ಯಾಲರಿಯಲ್ಲಿಯೂ ಕೇಪಳ ಹತ್ತಾರು ವರ್ಷ ಹೂ ಕೊಡಬಲ್ಲುದು.

ಮೊದಲು ಗಿಡದ ಪರಿಚಯ. ಕನ್ನಡದಲ್ಲಿ ಕೇಪಳ, ತುಳುವಿನಲ್ಲಿ ಕೇಪುಳ, ಉತ್ತರ ಕನ್ನಡದ ಕಡೆ ಗುಡ್ಡೆ ದಾಸವಾಳ ಎಂದು ಇದನ್ನು ಕರೆಯುತ್ತಾರೆ. ದಾಸವಾಳಕ್ಕೂ ಇದಕ್ಕೂ ನಂಟಿಲ್ಲದಿದ್ದರೂ ಗುಡ್ಡದ ಮಾತಂತೂ ನಿಜ. ಕರಾವಳಿಯ ಬೋಳುಗುಡ್ಡಗಳಲ್ಲಿ, ಬೇರೆ ಗಿಡಗಳು ಹಿಂಜರಿಯುವಂಥ ಕಲ್ಲುನೆಲದಲ್ಲಿ, ಆಳೆತ್ತರದ ಪೊದೆಯಾಗಿ ನಿಂತು, ಬೇಸಗೆಯ ಬಿಸಿಲಿಗೆ ಕೆಂಡದ ಮುದ್ದೆಗಳಂತೆ ಹೂ ಬಿಡುವ ನಿತ್ಯಹಸುರಿನ ಗಿಡವಿದು. ದೇವಿಯ ಪೂಜೆಗೂ ದೈವದ ಸಿಂಗಾರಕ್ಕೂ ಈ ಹೂವಿಗೆ ಸಲ್ಲುವ ಸ್ಥಾನವನ್ನು ತುಳುನಾಡಿನವರು ಬಲ್ಲರು. ದನ ಕಾಯಲು ಹೋದ ಮಕ್ಕಳು ಹೂವಿನ ನಡುವಿನ ಎಳೆಯನ್ನು ಮೆಲ್ಲನೆ ಎಳೆದು ಅದರ ತುದಿಯ ಜೇನನ್ನು ಚೀಪುವುದನ್ನೂ, ಕಪ್ಪುಗೆಂಪಿಗೆ ಮಾಗಿದ ಹಣ್ಣನ್ನು ತಿಂದು ನಾಲಗೆ ತೋರಿಸುವುದನ್ನೂ ಬಲ್ಲವರು ನಮ್ಮ ವಾಚಕರಲ್ಲಿ ಬಹಳ ಮಂದಿ ಇದ್ದಾರೆ.

ಸಸ್ಯಶಾಸ್ತ್ರಜ್ಞರು ಇದಕ್ಕೆ ಇಕ್ಸೋರಾ ಕೊಕ್ಸಿನಿಯ ಎನ್ನುತ್ತಾರೆ. ೧೭೫೩ರಲ್ಲಿ ಲಿನೇಯಸ್ ಪಂಡಿತನು ಇಟ್ಟ ಈ ‘ಇಕ್ಸೋರಾ’ ಎಂಬುದು ನಮ್ಮ ‘ಈಶ್ವರ’ ಶಬ್ದವೇ ಸಮುದ್ರ ದಾಟಿ ರೂಪ ಕೆಟ್ಟು ಬಂದುದೆಂದು ಹೇಳುತ್ತಾರೆ. ಅದಕ್ಕೂ ಹಿಂದೆ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಸಿದ್ಧಪಡಿಸಿ ೧೬೭೮ರಿಂದ ೧೬೯೩ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ೧೨ ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿಯೂ ಇದರ ಚಿತ್ರವಿದೆ. ಮಲೆಯಾಳದ ‘ಚೆತ್ತಿ’ ಎಂಬ ಹೆಸರನ್ನು ಅಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಬರೆದ ಬಗೆಯನ್ನು ಕಂಡರೆ ಅದನ್ನು ‘ಶೆಟ್ಟಿ’ ಎಂದೇ ಓದಬೇಕು. ಹೋಟೆಲು ಉದ್ಯಮದಲ್ಲಿರುವ ನಮ್ಮ ಬಂಧುಗಳು ಗಿಡವನ್ನು ತಮ್ಮ ಮನೆತನಕ್ಕೆ ಸೇರಿಸಿಕೊಂಡರೂ ಆಕ್ಷೇಪವಿಲ್ಲ. ಚೆನ್ನೈಯಲ್ಲಿರುವವರು ಇನ್ನೂ ಒಂದು ಸ್ವಾರಸ್ಯವನ್ನು ಕೇಳಿಯೇ ಇರುತ್ತಾರೆ. ತಮಿಳಿನ ಹಳೆಯ ಸಾಹಿತ್ಯದಲ್ಲಿ ‘ವೆಟ್ಚಿ’ ಎಂಬ ಗಂಭೀರವಾದ ಹೆಸರಿನ ಈ ಹೂವನ್ನು ಇಂದಿನ ಜನ ಸಲುಗೆಯಿಂದ ಕರೆಯುವುದು ‘ಇಡ್ಲಿಪ್ಪೂ’ ಎಂದು! ಸಾಲದುದಕ್ಕೆ, ಕುಲದಿಂದಲೂ ಇದು ಕಾಫಿ ಗಿಡದ ದಾಯಾದಿ. ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಇಡ್ಲಿಯ ಹೆಸರು, ಕಾಫಿಯ ಕುಲ. ಇದಕ್ಕಿಂತ ಹೆಚ್ಚು ನಮ್ಮದಾದ ಗಿಡ ಮತ್ತೆ ಯಾವುದಿದ್ದೀತು?

ಇರಲಿ. ಗಿಡದ ಆರೈಕೆಗೆ ತೊಡಗುವ ಮೊದಲು ಅದರ ತವರಿನ ಮಣ್ಣನ್ನು ತಿಳಿಯಬೇಕು. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲನ್ನು ಎಲ್ಲರೂ ಕಂಡವರೇ. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನನು ಮಲಬಾರಿನಲ್ಲಿ ಕಂಡ ಇದಕ್ಕೆ, ಇಟ್ಟಿಗೆಯಂತೆ ಕಡಿಯಬಹುದಾದ್ದರಿಂದ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಸಾವಿರಾರು ವರ್ಷಗಳ ಭಾರಿ ಮಳೆಯು ಬಂಡೆಯೊಳಗಿನ ಸುಣ್ಣಾಂಶವನ್ನೂ ಇತರ ಕ್ಷಾರಗಳನ್ನೂ ಕರಗಿಸಿ ಸಮುದ್ರಕ್ಕೆ ಒಯ್ದು, ಕರಗದ ಕಬ್ಬಿಣವನ್ನೂ ಅಲ್ಯುಮಿನಿಯಮನ್ನೂ ಉಳಿಸಿಹೋದುದರ ಫಲವೇ ಮುರಕಲ್ಲು. ಅದರ ಕೆಂಪು ಎಂಬುದು ಕಬ್ಬಿಣದ ತುಕ್ಕಿನ ಕೆಂಪು. ಅಂಥ ಮಣ್ಣು ಹುಳಿಯಾಗಿರುತ್ತದೆ. ಮಣ್ಣಿನ ಹುಳಿಯನ್ನು ಅಳೆಯಲು ವಿಜ್ಞಾನಿಗಳಲ್ಲಿ ಒಂದು ಮಾನವಿದೆ. ಅದರಲ್ಲಿ ೭ ಎಂಬುದು ಸಮಸ್ಥಿತಿ, ಕೆಳಗಿಳಿದಂತೆ ಹುಳಿ, ಮೇಲೇರಿದಂತೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಅಂತರ ಹತ್ತು ಪಟ್ಟು ಎಂಬುದನ್ನು ಮರೆಯಕೂಡದು. ಕೇಪಳಕ್ಕೆ ಒಗ್ಗುವುದು ೫ರಿಂದ ೬ರ ಆಸುಪಾಸಿನ ಮಣ್ಣು. ಹಸಿ ಸಿಮೆಂಟಿನಿಂದ ಇಳಿದ ನೀರಾದರೆ ೧೨ಕ್ಕೂ ಮೇಲೆ.

ಈ ಹುಳಿಪ್ರೀತಿ ಕೇಪಳವೊಂದರದೇ ಅಲ್ಲ. ನೀಲಗಿರಿಯ ಚಹಾ ಗಿಡದ್ದೂ ಇದೇ ಸ್ವಭಾವ. ಅಮೆರಿಕದ ಪೂರ್ವದ ಬೆಟ್ಟಗಳಲ್ಲಿ ಬೆಳೆಯುವ, ಪೆನ್ಸಿಲ್ವೇನಿಯಾ ಮತ್ತು ಕನೆಕ್ಟಿಕಟ್ ರಾಜ್ಯಗಳು ತಮ್ಮ ರಾಜ್ಯಪುಷ್ಪವೆಂದು ಗೌರವಿಸುವ ಮೌಂಟನ್ ಲಾರೆಲ್ ಎಂಬ ಪೊದೆಯೂ ಹಾಗೆಯೇ. ಅಲ್ಲಿಯ ತೋಟಗಾರರೂ ಅದನ್ನು ಮನೆಯ ಸಿಮೆಂಟು ಅಡಿಪಾಯದ ಪಕ್ಕದಲ್ಲಿ ನೆಟ್ಟು ಎಲೆ ಹಳದಿಯಾಯಿತೆಂದು ಪರಿತಪಿಸುತ್ತಾರೆ.

ಹಳದಿಯಾಗುವುದೇಕೆ? ಎಲೆಯ ಹಸುರಾದ ಪತ್ರಹರಿತ್ತು ತಯಾರಾಗಲು ಕಬ್ಬಿಣ ಬೇಕು. ಕುಂಡದ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಆದರೆ ಸುಣ್ಣ ಸೇರಿದ ಕ್ಷಾರದ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗದ ರೂಪ ತಾಳುತ್ತದೆ. ಕರಗದುದನ್ನು ಬೇರು ಹೀರಲಾರದು. ಉಗ್ರಾಣದಲ್ಲಿ ಅಕ್ಕಿಯ ಮೂಟೆಗಳಿದ್ದು, ಬೀಗದ ಕೈ ಕಳೆದುಹೋಗಿ ಮನೆಯವರು ಉಪವಾಸ ಬಿದ್ದಂತೆ ಗಿಡದ ಅವಸ್ಥೆ. ಮೇಲಾಗಿ ಕಬ್ಬಿಣವು ಒಮ್ಮೆ ಒಂದು ಎಲೆಯಲ್ಲಿ ಸೇರಿದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಹಳೆಯ ಎಲೆಯಿಂದ ಸಾಲ ತಂದು ಚಿಗುರನ್ನು ಸಾಕುವ ದಾರಿಯಿಲ್ಲ. ಆದುದರಿಂದ ಈ ರೋಗ ಮೊದಲು ಕಾಣಿಸುವುದು ಎಳೆಯ ಎಲೆಗಳಲ್ಲಿ: ಎಲೆಯ ಮೈ ಹಳದಿ, ನರಗಳು ಮಾತ್ರ ಹಸುರು. ಈ ಗುರುತನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಬುಡದ ಹಳೆಯ ಎಲೆಗಳು ನರ ಸಹಿತವಾಗಿ ಹಳದಿಯಾಗುತ್ತಿದ್ದರೆ ಅದು ಸಾರಜನಕದ ಕೊರತೆ. ಒಂದಿಷ್ಟು ಹಿಂಡಿ, ಗೊಬ್ಬರ ಹಾಕಿದರೆ ಸರಿಹೋದೀತು. ಚಿಗುರು ಹಳದಿಯಾದಾಗ ಗೊಬ್ಬರದ ಮೇಲೆ ಗೊಬ್ಬರ ಸುರಿಯುವುದು ಬೀಗ ಹಾಕಿದ ಉಗ್ರಾಣಕ್ಕೆ ಇನ್ನಷ್ಟು ಮೂಟೆ ಸೇರಿಸಿದಂತೆ. ಕುಂಡದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹೂಳುವವರೂ ಇದ್ದಾರೆ. ಸುಣ್ಣದ ಮಣ್ಣಿನಲ್ಲಿ ಆ ತುಕ್ಕೂ ಕರಗದು.

ಆದರೆ ಗ್ಯಾಲರಿಯ ಕುಂಡಕ್ಕೆ ಸುಣ್ಣ ಬರುವುದೆಲ್ಲಿಂದ? ನಗರದಲ್ಲಿ ಅದು ಬಾರದ ದಾರಿಯೇ ಇಲ್ಲ. ಕಟ್ಟಡ ಕೆಡವಿದ ಜಾಗದಿಂದ ತಂದ ‘ಮಣ್ಣಿ’ನಲ್ಲಿ ಗಾರೆಯ ಚೂರು ಅರ್ಧದಷ್ಟಿರುತ್ತದೆ. ಗೋಡೆಗೆ ಬಳಿದ ಸುಣ್ಣ ಮಳೆಗೆ ಕರಗಿ ಕೆಳಗಿನ ಕುಂಡಕ್ಕೆ ಇಳಿಯುತ್ತದೆ. ಅಂದಕ್ಕೆಂದು ಕುಂಡಕ್ಕೇ ಸುಣ್ಣ ಬಳಿಯುವವರುಂಟು. ತುಳಸಿಗೆ ಅದು ಸರಿ, ಕೇಪಳಕ್ಕೆ ಸಲ್ಲದು. ಊರಿನ ಅಭ್ಯಾಸದಂತೆ ಒಲೆಯ ಬೂದಿ ಹಾಕುವುದು, ಮೊಟ್ಟೆಯ ಚಿಪ್ಪು ಪುಡಿಮಾಡಿ ಉದುರಿಸುವುದು, ಎಲುಬಿನ ಪುಡಿ ಹಾಕುವುದು ಇವೆಲ್ಲ ಬೇರೆ ಗಿಡಗಳಿಗೆ ಉಪಕಾರವಾಗಬಹುದು, ಇದಕ್ಕೆ ಅಪಕಾರ. ಮೇಲಿನ ಮಾಳಿಗೆಯ ಮಹಾಶಯರು ದಿನಕ್ಕೆ ನಾಲ್ಕು ಸಲ ಉಗುಳುವ ತಾಂಬೂಲದಲ್ಲಿಯೂ ಸುಣ್ಣವಿದೆಯೆಂಬುದನ್ನು ಅವರಿಗೆ ವಿನಯದಿಂದ ತಿಳಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಈಗ ಹೊಸ ಕಟ್ಟಡಗಳಿಂದ ಬಂದಿದೆ. ಹಳೆಯ ಚಾಳುಗಳು ಒಂದೊಂದಾಗಿ ಬಿದ್ದು ಅವುಗಳ ಜಾಗದಲ್ಲಿ ಇಪ್ಪತ್ತು ಮೂವತ್ತು ಮಾಳಿಗೆಯ ಗೋಪುರಗಳು ಏಳುತ್ತಿರುವ ಕಾಲವಿದು. ಹಳೆಯ ಖೋಲಿಯ ಮುಂದೆ ಎಣ್ಣೆಯ ಡಬ್ಬದಲ್ಲಿ ವರ್ಷಾನುಗಟ್ಟಲೆ ಚೆನ್ನಾಗಿದ್ದ ಗಿಡವನ್ನು ಹೊಸ ಮನೆಗೆ ಕೊಂಡೊಯ್ದು, ಕಿಟಕಿಯ ಹೊರಗೆ ಕಟ್ಟಿಸಿಕೊಟ್ಟ ಸಿಮೆಂಟಿನ ತೊಟ್ಟಿಯಲ್ಲಿ ಅಕ್ಕರೆಯಿಂದ ನೆಡುತ್ತಾರೆ. ಆರು ತಿಂಗಳಲ್ಲಿ ಅದು ಹಳದಿ. ಅತ್ತೆಯ ಕಾಲದಿಂದ ಬಂದ ಗಿಡ ಹೊಸ ಮನೆಗೆ ಹೊಂದಲಿಲ್ಲವೆಂದು ಅಪಶಕುನದ ಮಾತೂ ಹುಟ್ಟುತ್ತದೆ. ಸೊಸೆಯ ಕೈಗುಣವನ್ನು ಆಡಿಕೊಳ್ಳುವವರೂ ಉಂಟು. ಇದು ಯಾರ ಕೈಗುಣವೂ ಅಲ್ಲ, ಮನೆಯ ಗುಣವೂ ಅಲ್ಲ. ಹೊಸ ಸಿಮೆಂಟು ತಿಂಗಳುಗಟ್ಟಲೆ ಸುಣ್ಣವನ್ನು ಬಿಡುತ್ತಿರುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ನಮ್ಮ ಹೆಂಗಸರು ಆರತಿಯ ನೀರಿಗೆ ಅರಸಿನ ಕಲಸಿ ಚಿಟಿಕೆ ಸುಣ್ಣ ಹಾಕಿದೊಡನೆ ಅದು ಕೆಂಪಾಗುವುದನ್ನು ದಿನವೂ ನೋಡುತ್ತಾರಲ್ಲವೆ? ಅದೇ ರಸಾಯನಶಾಸ್ತ್ರ. ಸಿಮೆಂಟಿನ ತೊಟ್ಟಿಯಲ್ಲಿ ಮಣ್ಣು ತುಂಬುವ ಮೊದಲು ನೀರು ತುಂಬಿ ಒಂದು ರಾತ್ರಿ ಬಿಡಿರಿ. ಅರಸಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರನ್ನು ಬೆಳಿಗ್ಗೆ ಆ ನೀರಿಗೆ ತಾಗಿಸಿರಿ. ಕಾಗದ ಕೆಂಪಾದರೆ ಸುಣ್ಣ ಇನ್ನೂ ಇಳಿಯುತ್ತಿದೆ; ನೀರು ಚೆಲ್ಲಿ ಮತ್ತೆ ತುಂಬಬೇಕು, ಕೆಂಪು ನಿಲ್ಲುವವರೆಗೆ. ಇಷ್ಟು ತಾಳ್ಮೆ ಇಲ್ಲದವರು ಮಣ್ಣಿನ ಕುಂಡದಲ್ಲಿಯೇ ಗಿಡವಿಟ್ಟು, ಕುಂಡವನ್ನೇ ತೊಟ್ಟಿಯೊಳಗೆ ಇಟ್ಟುಬಿಡುವುದು ಜಾಣತನ. ಮಣ್ಣಿನ ಪರೀಕ್ಷೆ ಇನ್ನೂ ಸುಲಭ. ಒಣಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಬುರುಗು ಎದ್ದರೆ ಅದರಲ್ಲಿ ಸುಣ್ಣವಿದೆ. ವಿನೆಗರ್ ಈಗ ಎಲ್ಲ ಉಡುಪಿ ಹೋಟೆಲುಗಳ ಚೈನೀಸ್ ವಿಭಾಗದಲ್ಲಿಯೂ ಇರುವ ವಸ್ತುವಾದ್ದರಿಂದ ನಮ್ಮ ಹೋಟೆಲು ವಾಚಕರಿಗೆ ಕಷ್ಟವಾಗದು.

ಇನ್ನು ಕುಂಡ ಸಿದ್ಧಪಡಿಸುವ ವಿಚಾರ. ಹನ್ನೆರಡು ಅಂಗುಲ ಬಾಯಿಯ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಉತ್ತಮ. ತೂತಿನ ಮೇಲೆ ಹಂಚಿನ ಚೂರು ಇಡಿರಿ, ಗಾರೆಯ ಚೂರು ಬೇಡ. ಮುಂಬಯಿಯ ನರ್ಸರಿಗಳಲ್ಲಿ ‘ಲಾಲ್ ಮಾತಿ’ ಎಂದು ಮಾರುವ ಕೆಂಪುಮಣ್ಣು ಎರಡು ಪಾಲು, ಕೊಳೆತ ಎಲೆಯ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿದರೆ ಸಾಕು. ಬಯಲುಸೀಮೆಯ ಕಪ್ಪುಮಣ್ಣಿನಲ್ಲಿ ಅನೇಕ ಕಡೆ ಸುಣ್ಣದ ಗಂಟುಗಳಿರುವುದರಿಂದ ಅದು ಬೇಡ. ಪುಣೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಿಶ್ರಣಕ್ಕೆ ಒಂದು ಚಮಚ ಗಂಧಕದ ಪುಡಿ ಸೇರಿಸಿದರೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ತಿಂಗಳುಗಳ ಅವಧಿಯಲ್ಲಿ ಆಮ್ಲವಾಗಿ ಮಾರ್ಪಡಿಸಿ ಹುಳಿಯನ್ನು ಕಾಯ್ದುಕೊಳ್ಳುತ್ತವೆ. ಮಜ್ಜಿಗೆ, ನಿಂಬೆಹುಳಿ, ಹುಣಿಸೆನೀರು ಸುರಿಯುವುದರಿಂದ ಆಗುವ ಉಪಕಾರ ಎರಡು ದಿನದ್ದು, ಇರುವೆಗಳ ಕಾಟ ತಿಂಗಳಿನದು.

ಈಗಾಗಲೇ ಹಳದಿಯಾದ ಗಿಡಕ್ಕೆ ಮದ್ದು ಅನ್ನಭೇದಿ. ಹಳ್ಳಿಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಈ ಹಸುರು ಹರಳನ್ನು ಮುಂಬಯಿಯಲ್ಲಿ ‘ಹಿರಾಕಸ’ ಎನ್ನುತ್ತಾರೆ. ಇಂಗ್ಲಿಷಿನ ಫೆರಸ್ ಸಲ್ಫೇಟ್ ಇದೇ. ಒಂದು ಲೀಟರು ನೀರಿಗೆ ೨ ಗ್ರಾಮಿನಷ್ಟು ಕರಗಿಸಿ, ಮೊದಲೇ ತೇವ ಮಾಡಿದ ಮಣ್ಣಿಗೆ, ತಿಂಗಳಿಗೊಮ್ಮೆ ಹಾಕಬೇಕು. ಕರಗಿಸಿದ ಕೂಡಲೇ ಹಾಕತಕ್ಕದ್ದು. ಇಟ್ಟರೆ ನೀರು ಕಂದಾಗಿ ತುಕ್ಕಾಗುತ್ತದೆ. ನೆಲದ ಮೇಲೆ ಚೆಲ್ಲಿದರೆ ಕಲೆ ಹೋಗದು. ಮಕ್ಕಳಿರುವ ಮನೆಯಲ್ಲಿ ಇದನ್ನು ಎತ್ತರದಲ್ಲಿ ಬೀಗ ಹಾಕಿಡುವುದು ಅವಶ್ಯ, ಏಕೆಂದರೆ ಹೊಟ್ಟೆಗೆ ಹೋದರೆ ಇದು ವಿಷ. ಮಣ್ಣಿನಲ್ಲಿ ಸುಣ್ಣ ಬಹಳ ಇದ್ದರೆ ಅನ್ನಭೇದಿಯ ಕಬ್ಬಿಣವೂ ಬೇಗನೆ ಬಂಧಿತವಾಗುವುದರಿಂದ ಮಣ್ಣನ್ನೇ ಬದಲಿಸುವುದು ಮೇಲು. ಒಮ್ಮೆ ಹಳದಿಯಾದ ಎಲೆ ಪೂರ್ತಿ ಹಸುರಾಗಲಿಕ್ಕಿಲ್ಲ. ಮುಂದಿನ ಚಿಗುರನ್ನು ನೋಡಿ ಫಲವನ್ನು ನಿರ್ಣಯಿಸಬೇಕು.

ಹೋಟೆಲಿನಲ್ಲಿ ದುಡಿಯುವವರಿಗೆ ಒಂದು ಅನುಕೂಲ ತಾನಾಗಿಯೇ ಒದಗಿದೆ. ದಿನವೂ ಬುಟ್ಟಿಗಟ್ಟಲೆ ಎಸೆಯುವ ಕಾಫಿಯ ಚರಟವೂ ಚಹಾದ ಚರಟವೂ ಈ ಗಿಡಕ್ಕೆ ಒಳ್ಳೆಯ ಆಹಾರ. ಫಿಲ್ಟರಿನಲ್ಲಿ ಉಳಿಯುವ ಕಾಫಿಯ ಚರಟದಲ್ಲಿ ಹಾಲುಸಕ್ಕರೆಯಿಲ್ಲ. ಅದನ್ನು ಒಣಗಿಸಿ ಎಲೆಗೊಬ್ಬರದೊಡನೆ ತೆಳ್ಳಗೆ ಬೆರೆಸಬಹುದು. ದಪ್ಪನಾಗಿ ಹರಡಿದರೆ ಹೊರಪೊರೆ ಕಟ್ಟಿ ನೀರು ಇಳಿಯದು. ಮುಂಬಯಿಯ ಚಹಾವನ್ನು ಹಾಲುಸಕ್ಕರೆಯೊಡನೆ ಕುದಿಸುವುದರಿಂದ ಅದರ ಚರಟವನ್ನು ಎರಡು ಮೂರು ಸಲ ತೊಳೆದು, ಒಣಗಿಸಿ ಹಾಕಬೇಕು. ಇಲ್ಲವಾದರೆ ವಾಸನೆ, ನೊಣ, ಇರುವೆ. ಇವುಗಳಿಂದ ಮಣ್ಣು ಬಹಳ ಹುಳಿಯಾಗುತ್ತದೆಂದು ಕೆಲವರು ನಂಬಿದ್ದಾರೆ, ಅದು ಅತಿಶಯೋಕ್ತಿ. ಮಣ್ಣನ್ನು ಸಡಿಲಗೊಳಿಸಿ ನಿಧಾನವಾಗಿ ಪೋಷಿಸುತ್ತವೆಂಬಷ್ಟು ಖಂಡಿತ. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ತರುಣರಿಗೆ ಸ್ವಂತದ ಕಿಟಕಿಯಾದರೂ ಎಲ್ಲಿಯದು ಎಂದು ವಾಚಕರು ಕೇಳಬಹುದು. ಹೋಟೆಲಿನ ಮುಂಬಾಗಿಲ ಎರಡು ಬದಿಗೆ ಎರಡು ಕುಂಡಗಳಿಗೆ ಎಲ್ಲಿಯೂ ಜಾಗವುಂಟು. ಪ್ಲಾಸ್ಟಿಕ್ ಹೂವಿಗೆ ಹಣ ಹಾಕುವ ಮಾಲೀಕರು ಇದನ್ನು ಯೋಚಿಸಲಿ. ನೀರೆರೆಯಲು ಸಂತೋಷದಿಂದ ಮುಂದೆ ಬರುವ ಹುಡುಗರು ಅವರಲ್ಲಿಯೇ ಇದ್ದಾರೆ.

ಜಾಗ ಆರಿಸುವಾಗ ಬಿಸಿಲನ್ನು ನೋಡಬೇಕು. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಸಾಯದು, ಹೂವನ್ನು ಮಾತ್ರ ಕೊಡದು. ಮೇಲ್ಮಣ್ಣು ಒಣಗಿದಾಗ ನೀರೆರೆಯಿರಿ, ಸದಾ ಕೆಸರಾಗಿಟ್ಟರೆ ಬೇರು ಕೊಳೆತು ಅದರಿಂದಲೂ ಎಲೆ ಹಳದಿಯಾಗುತ್ತದೆ. ಕೆಳಗಿನ ಮನೆಯವರ ಬಟ್ಟೆಯ ಮೇಲೆ ಕೆಂಪು ನೀರು ತೊಟ್ಟಿಕ್ಕದಂತೆ ತಟ್ಟೆ ಇಡುವುದೂ, ಗಾಳಿಮಳೆಗೆ ಕುಂಡ ಉರುಳದಂತೆ ಸರಳಿಗೆ ಕಟ್ಟುವುದೂ ನೆರೆಹೊರೆಯ ಧರ್ಮ.

ಹೂ ಬರುವುದು ಹೊಸ ಕೊಂಬೆಗಳ ತುದಿಯಲ್ಲಿ. ಆದ್ದರಿಂದ ಕತ್ತರಿಗೆ ಹೆದರುವವನಿಗೆ ಹೂ ಕಡಿಮೆ. ಗೊಂಚಲು ಬಾಡಿದೊಡನೆ ಎರಡು ಗೆಣ್ಣು ಕೆಳಗೆ ಕತ್ತರಿಸಿರಿ. ಫೆಬ್ರುವರಿಯ ಕೊನೆಗೆ ಒಮ್ಮೆ ಇಡೀ ಗಿಡವನ್ನು ಮೂರರಲ್ಲೊಂದು ಪಾಲು ಇಳಿಸಿರಿ. ಮಕ್ಕಳಿಗೆ ಹಣ್ಣು ಬೇಕೆಂದಿದ್ದರೆ ಒಂದೆರಡು ಗೊಂಚಲು ಉಳಿಸಬಹುದು, ಆದರೆ ಮದ್ದು ಹೊಡೆದ ಗಿಡದ ಹಣ್ಣನ್ನು ತಿನ್ನಿಸಕೂಡದು. ಎಲೆಯ ಸಂದಿಯಲ್ಲಿ ಬಿಳಿಯ ಹಿಟ್ಟಿನಂಥ ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಬೇವಿನೆಣ್ಣೆಯನ್ನು ಎರಡು ಹನಿ ಸಾಬೂನಿನೊಡನೆ ನೀರಿಗೆ ಬೆರೆಸಿ ಸಂಜೆಯ ಹೊತ್ತು ಚಿಮುಕಿಸಿರಿ. ಆ ತಿಗಣೆಗಳನ್ನು ಹೊತ್ತು ತಂದು ಸಾಕುವುದು ಇರುವೆ. ಅದರ ದಾರಿ ತಪ್ಪಿಸದೆ ತಿಗಣೆ ಹೋಗದು.

ಬೇರೆ ನಗರಗಳವರಿಗೆ ಎರಡು ಮಾತು. ಚೆನ್ನೈಯಲ್ಲಿಯೂ ಹೈದರಾಬಾದಿನಲ್ಲಿಯೂ ಕೊಳವೆಬಾವಿಯ ಗಡಸು ನೀರೇ ಗತಿಯಾದ ಮನೆಗಳು ಬಹಳ. ಅಲ್ಲಿ ಮಣ್ಣು ಎಷ್ಟು ಒಳ್ಳೆಯದಾದರೂ ನೀರಿನೊಡನೆ ದಿನವೂ ಸುಣ್ಣ ಇಳಿಯುತ್ತದೆ; ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಗಟ್ಟಿಯೇ ಅದಕ್ಕೆ ಸಾಕ್ಷಿ. ಮಳೆಯ ನೀರನ್ನು ಹಿಡಿದಿಟ್ಟು ಬಳಸಿರಿ. ಮಳೆ ಬಂದಾಗಲೆಲ್ಲ ಕುಂಡವನ್ನು ಬಯಲಿಗಿಟ್ಟು ಚೆನ್ನಾಗಿ ತೊಯ್ಯಬಿಡಿರಿ. ದಿಲ್ಲಿಯಲ್ಲಿ ಗಡಸು ನೀರಿನ ಜೊತೆಗೆ ಚಳಿಯೂ ಸೇರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಗಿಡವನ್ನು ರಾತ್ರಿ ಒಳಗಿಟ್ಟು, ನೀರು ಕಡಿಮೆ ಮಾಡಿ, ಎಲೆ ಸ್ವಲ್ಪ ಉದುರಿದರೂ ಗಾಬರಿಯಾಗದೆ ಮಾರ್ಚಿಯವರೆಗೆ ಕಾಯಬೇಕು.

ಕೊನೆಗೆ, ಊರಿನಿಂದ ತರುವ ರೀತಿ. ಗುಡ್ಡದಲ್ಲಿ ಬೆಳೆದ ಗಿಡವನ್ನು ಅಗೆದು ತರುವುದು ಬೇಡ. ಕಲ್ಲಿನ ಬಿರುಕಿನಲ್ಲಿ ಆಳಕ್ಕಿಳಿದ ಅದರ ಬೇರು ಹಾರೆಗೆ ತುಂಡಾಗಿ, ಹತ್ತರಲ್ಲಿ ಒಂದೂ ಉಳಿಯುವುದು ಕಷ್ಟ, ಗುಡ್ಡವೂ ಬರಿದಾಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಊರಿಗೆ ಹೋದವರು ಪೆನ್ಸಿಲಿನಷ್ಟು ದಪ್ಪದ, ತೀರ ಎಳೆಯದೂ ತೀರ ಬಲಿತದೂ ಅಲ್ಲದ ಗೆಲ್ಲಿನಿಂದ ಐದಂಗುಲದ ನಾಲ್ಕಾರು ತುಂಡುಗಳನ್ನು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಸಾಕು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಇದು ಒಂದು ರಾತ್ರಿಯ ಪ್ರಯಾಣ. ಕೆಳಗಿನ ಎಲೆಗಳನ್ನು ತೆಗೆದು, ಮರಳು ಮತ್ತು ನಾರಿನ ಪುಡಿಯ ಮಿಶ್ರಣದಲ್ಲಿ ಊರಿ, ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವಿಚಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಿರಿ. ಬೇರು ಬರಲು ಆರರಿಂದ ಎಂಟು ವಾರ ಹಿಡಿಯುತ್ತದೆ. ನಡುವೆ ಕಿತ್ತು ನೋಡಬೇಡಿರಿ.